ಹಿಪ್ಪುನೇರಳೆಯ ಪ್ರಭೇದ ಗುರುತಿಸುವುದು ಹೇಗೆ?

ಮಂಡ್ಯ, ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರ ಬಾಯಲ್ಲಿ ಸದಾ ಇರುವ ವಿ-1, ಎಂ-5 ಎಂಬುವು ಹಿಪ್ಪುನೇರಳೆ ತಳಿಗಳ ಹೆಸರುಗಳೇ ಹೊರತು ಪ್ರಭೇದಗಳಲ್ಲ. ಎರಡನ್ನೂ ಸಾಮಾನ್ಯವಾಗಿ ಮೋರಸ್ (ಹಿಪ್ಪುನೇರಳೆಯ ಕುಲ) ಇಂಡಿಕಾ ಪ್ರಭೇದಕ್ಕೆ ಸೇರಿಸುತ್ತಾರೆ. ಆದರೆ ಬದುವಿನಲ್ಲೋ ಹಿತ್ತಿಲಿನಲ್ಲೋ ಕಟಾವು ಕಾಣದೆ ಮರವಾಗಿ ನಿಂತ ಗಿಡದ ಪ್ರಭೇದ ತಿಳಿಯಬೇಕಾದರೆ ಸೊಪ್ಪಿನ ಆಕಾರವೊಂದನ್ನೇ ನಂಬುವಂತಿಲ್ಲ.

ಮೊದಲು ಎಲೆಯ ತೊಟ್ಟನ್ನು ಮುರಿಯಿರಿ. ಹಾಲು ಒಸರಿ, ಎಲೆಯ ಬುಡದಿಂದಲೇ ಮೂರು ಮುಖ್ಯ ನರಗಳು ಹೊರಟಿದ್ದು, ಅಂಚು ಗರಗಸದಂತಿದ್ದರೆ ಅದು ಹಿಪ್ಪುನೇರಳೆ ಇರಬಹುದು. ಒಂದೇ ಗಿಡದಲ್ಲಿ ಸೀಳಿದ ಎಲೆಯೂ ಸೀಳದ ಎಲೆಯೂ ಇರುವುದು ಸಹಜವಾದ್ದರಿಂದ ಚಿಗುರನ್ನು ಬಿಟ್ಟು ಬಲಿತ ಎಲೆಗಳನ್ನೇ ಆರಿಸಿಕೊಳ್ಳಿ. ಮೋರಸ್ ಇಂಡಿಕಾದ ಎಲೆಯ ತುದಿ ಬಾಲದಂತೆ ನೀಳವಾಗಿರುತ್ತದೆ. ಮೋರಸ್ ಆಲ್ಬಾದ ಎಲೆ ಮೇಲ್ಗಡೆ ನುಣುಪಾಗಿದ್ದು, ರೋಮಗಳು ಹೆಚ್ಚಾಗಿ ಕೆಳಗಿನ ನರಗಳ ಮೇಲೆ ಮಾತ್ರ ಕಾಣುತ್ತವೆ. ಕೆಳಭಾಗವೆಲ್ಲ ದಟ್ಟ ರೋಮದಿಂದ ತುಂಬಿರುವ ಮೋರಸ್ ಸೆರ್ರಾಟಾ ಹಿಮಾಲಯದ ಮರ; ನಮ್ಮ ಬಯಲಿನಲ್ಲಿ ಅದನ್ನು ಹುಡುಕುವ ಅಗತ್ಯವಿಲ್ಲ.

ನಿಜವಾದ ಪರೀಕ್ಷೆ ಹೆಣ್ಣು ಹೂವಿನದು. ಗಂಡು, ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿರುವುದರಿಂದ, ಕಾಯಿ ಕಟ್ಟುವ ಗಿಡದಿಂದಲೇ ಎಳೆಯ ಹೂಗೊಂಚಲನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಬೇಕು. ಪ್ರತಿ ಹಸಿರು ಅಂಡಾಶಯದ ನೆತ್ತಿಯಲ್ಲಿ ಕವಲೊಡೆದ ಎರಡು ಬಿಳಿ ಶಲಾಕಾಗ್ರಗಳು, ಅಂದರೆ ಪರಾಗ ಹಿಡಿಯುವ ತುದಿಗಳು ಇರುತ್ತವೆ. ಅವು ಅಂಡಾಶಯಕ್ಕೆ ನೇರವಾಗಿ ಅಂಟಿದಂತಿದ್ದರೆ ಆಲ್ಬಾ. ಅಂಡಾಶಯಕ್ಕೂ ಆ ತುದಿಗಳಿಗೂ ನಡುವೆ ಎಳೆಯಂತಹ ಸ್ಪಷ್ಟ ಶಲಾಕೆ (ತುದಿಗಳನ್ನು ಹೊತ್ತ ಕಡ್ಡಿ) ಇದ್ದು, ತುದಿಯ ಕವಲುಗಳು ರೋಮಭರಿತವಾಗಿದ್ದರೆ ಇಂಡಿಕಾ. ಹೂವಿನ ಕಾಲ ಮೀರಿದ್ದರೂ ಚಿಂತೆಯಿಲ್ಲ, ಇಂಡಿಕಾದ ಹಣ್ಣಿನ ಮೇಲೆ ಆ ಶಲಾಕೆಗಳು ಒಣಗಿ ಕೂದಲಿನಂತೆ ಉಳಿದಿರುತ್ತವೆ.

ಹಣ್ಣಿನ ಬಣ್ಣವನ್ನು ಪ್ರಮಾಣವಾಗಿ ಹಿಡಿಯಬಾರದು, ಏಕೆಂದರೆ ಆಲ್ಬಾದ ಹಣ್ಣು ಬಿಳಿ, ಗುಲಾಬಿ, ಕಪ್ಪು ಮೂರೂ ಆಗಬಹುದು. ಉದ್ದ ಮಾತ್ರ ಉಪಯುಕ್ತ: ಆಲ್ಬಾದ್ದು ಸುಮಾರು 1ರಿಂದ 2.5 ಸೆಂ.ಮೀ. ಇದ್ದರೆ, ಮೋರಸ್ ಲೇವಿಗೇಟಾದ್ದು 5ರಿಂದ 10 ಸೆಂ.ಮೀ. ವರೆಗೆ ಜೋತಾಡುತ್ತದೆ. ಎಲೆ ದಪ್ಪಗೆ, ಮುಟ್ಟಿದರೆ ಒರಟಾಗಿದ್ದು, ಹಣ್ಣು ಕಡುಗಪ್ಪಾಗಿದ್ದರೆ ಮಾತ್ರ ಮೋರಸ್ ನೈಗ್ರಾ ಎಂದು ಶಂಕಿಸಬಹುದು.

ಈ ಪ್ರಭೇದಗಳು ಪರಸ್ಪರ ಸಂಕರಗೊಳ್ಳುವುದರಿಂದ ಬೀಜದಿಂದ ತಾನಾಗಿ ಹುಟ್ಟಿದ ಗಿಡದಲ್ಲಿ ಎರಡರ ಲಕ್ಷಣಗಳೂ ಬೆರೆತಿರಬಹುದು. ಅಂಥ ಗಿಡದ ಬಲಿತ ಎಲೆ, ಹೆಣ್ಣು ಹೂ ಮತ್ತು ಹಣ್ಣುಳ್ಳ ಒಂದೇ ಕಡ್ಡಿಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ತಜ್ಞರಿಗೆ ತೋರಿಸುವುದು ಸೂಕ್ತ.