ಲಿಮೋಸಿನ್ ಹಸು ಕೊಳ್ಳುವಾಗ ಮೊದಲು ಸ್ವಭಾವ ನೋಡಿ, ತೊಡೆ ಆಮೇಲೆ

ಐರ್ಲೆಂಡಿನ ರೋಸ್ಕಾಮನ್ ಕೌಂಟಿಯಲ್ಲಿ ನಾನು ಒಂದಿಷ್ಟು ಲಿಮೋಸಿನ್ ಹಸುಗಳನ್ನು ಸಾಕುತ್ತಿದ್ದೇನೆ. ನಮ್ಮೂರು ಬಂಟ್ವಾಳದ ಕಡೆ. ಹೆಂಡತಿ ಇಲ್ಲಿ ನರ್ಸ್, ನನಗೂ ಹಗಲು ಬೇರೆ ಕೆಲಸ ಇದೆ. ಹಾಗಾಗಿ ದನದ ಕೆಲಸವೆಲ್ಲ ಬೆಳಗ್ಗೆ ಬೇಗ, ಇಲ್ಲಾಂದ್ರೆ ಸಂಜೆ. ಇಲ್ಲಿ ಸುಮಾರು ಜನ ಹೀಗೇ ಮಾಡುತ್ತಾರೆ.

ಊರಿಂದ ಫೋನ್ ಮಾಡಿದವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಲೀಟರ್ ಹಾಲು ಅಂತ. ಒಂದು ಲೋಟವೂ ಇಲ್ಲ. ಇವುಗಳನ್ನು ಯಾರೂ ಕರೆಯುವುದಿಲ್ಲ, ಹಾಲೆಲ್ಲ ಕರುವಿಗೆ. ಇದು ಮಾಂಸಕ್ಕೆ ಸಾಕುವ ತಳಿ. ಅದು ಹಿಡಿಸದವರು ಇಲ್ಲಿಗೇ ಬಿಟ್ಟುಬಿಡಿ, ನನಗೇನೂ ಬೇಜಾರಿಲ್ಲ. ಊರಲ್ಲಿ ಇದನ್ನು ಮಾಡಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಇರುವಾಗ ಆ ಮಾತೇ ಬರುವುದಿಲ್ಲ. ಆದರೆ ಇಲ್ಲಿಗೋ ಬ್ರಿಟನ್‌ಗೋ ಬಂದು ನೆಲೆಸಿದ ನಮ್ಮವರಲ್ಲಿ ಹತ್ತಾರು ಎಕರೆ ಹಿಡಿದು ದನ ಕಟ್ಟುವ ಆಸೆ ಇರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ತಳಿಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಫ್ರಾನ್ಸಿನ ನಡುಭಾಗದಲ್ಲಿ ಲಿಮೋಜ್ ಪಟ್ಟಣದ ಸುತ್ತಮುತ್ತಲಿನ ಕಲ್ಲುನೆಲದ ದನ ಇದು. ಮೊದಲು ಉಳುಮೆಗೂ ಗಾಡಿಗೂ ಕಟ್ಟುತ್ತಿದ್ದರು. ತಳಿಯ ದಾಖಲೆ ಪುಸ್ತಕ ಶುರುವಾದದ್ದು 1886ರಲ್ಲಿ. ಕೆಂಪು ಬಣ್ಣ, ಕಣ್ಣಿನ ಸುತ್ತ ಮತ್ತು ಮೂತಿಯ ಬಳಿ ತಿಳಿ. ಮೂಳೆ ತೆಳು, ಕೊಬ್ಬು ಕಡಿಮೆ, ಮಾಂಸ ಜಾಸ್ತಿ. ತಲೆ, ಚರ್ಮ, ಹೊಟ್ಟೆ ಎಲ್ಲ ತೆಗೆದ ಮೇಲೆ ಉಳಿಯುವ ತೂಕ ಬೇರೆ ಎಷ್ಟೋ ತಳಿಗಿಂತ ಹೆಚ್ಚು, ಅದಕ್ಕೇ ಕಟುಕರಿಗೆ ಇಷ್ಟ. ಶಾರೊಲೇ ಅನ್ನುವ ಇನ್ನೊಂದು ಮಾಂಸದ ತಳಿ ಇದಕ್ಕಿಂತ ದೊಡ್ಡದಾಗುತ್ತದೆ, ಆದರೆ ಈಯುವಾಗ ಕಷ್ಟ ಕೊಡುವುದೂ ಹೆಚ್ಚು. ಹಗಲು ಮನೆಯಲ್ಲಿ ಇರದ ನನ್ನಂಥವನಿಗೆ ಅದು ಆಗದ ಮಾತು.

ಕೊಳ್ಳುವ ಮೊದಲೇ ಹರ್ಡ್ ನಂಬರ್ ಮಾಡಿಸಬೇಕು. ಇಲ್ಲಿನ ಕೃಷಿ ಇಲಾಖೆ ಕೊಡುವ ಆ ನಂಬರ್ ಇಲ್ಲದೆ ಒಂದು ಕರುವನ್ನೂ ನಿಮ್ಮ ಹೊಲಕ್ಕೆ ತರುವ ಹಾಗಿಲ್ಲ. ಅದಕ್ಕೆ ಜಮೀನಿನ ಕಾಗದ ಬೇಕು, ದನ ಹಿಡಿದು ನಿಲ್ಲಿಸುವ ಗಟ್ಟಿ ಕ್ರಶ್ ಬೇಕು. ಜಮೀನು ಸ್ವಂತದ್ದೇ ಆಗಬೇಕಿಲ್ಲ, ನನ್ನದರಲ್ಲಿ ಅರ್ಧ ಗೇಣಿಯದ್ದು.

ಈಗ ಆಯ್ಕೆ. ಇಲ್ಲಿ ಹೆಚ್ಚಿನವರು ಕೊಳ್ಳುವುದು ಮಾರ್ಟ್‌ನಲ್ಲಿ, ಅಂದರೆ ಹರಾಜಿನ ದನದ ಸಂತೆಯಲ್ಲಿ. ದನ ರಿಂಗಿಗೆ ಬಂದಾಗ ಮೇಲಿನ ಬೋರ್ಡಿನಲ್ಲಿ ತೂಕ, ಹುಟ್ಟಿದ ದಿನ, ಕೊನೆಯ ಟಿಬಿ ಪರೀಕ್ಷೆಯ ತಾರೀಕು, ತಳಿಗುಣಕ್ಕೆ ಕೊಡುವ ಯೂರೋ-ಸ್ಟಾರ್ ಅಂಕ ಎಲ್ಲ ಬರುತ್ತದೆ. ಹೊಸಬರು ಆ ಬೋರ್ಡನ್ನೂ ದನದ ಹಿಂದಿನ ತೊಡೆಯನ್ನೂ ನೋಡಿ ಬೆಲೆ ಕೂಗಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ನೋಡಬೇಕಾದ್ದು ಮುಗಿದಿರಬೇಕು. ಹರಾಜು ಶುರುವಾಗುವ ಮುಂಚೆಯೇ ಹೋಗಿ, ಹಿಂದೆ ಪೆನ್‌ಗಳಲ್ಲಿ, ಅಂದರೆ ದನ ಕೂಡಿಹಾಕುವ ಗೇಟಿನ ಕಟ್ಟೆಗಳಲ್ಲಿ, ನಿಂತಿರುವಾಗ ನೋಡಿ. ಸುಮ್ನೆ ಗೇಟಿನ ಮೇಲೆ ಕೈ ಇಟ್ಟು ನಿಲ್ಲಿ, ಮಾತು ಬೇಡ, ಕೋಲು ಬೇಡ. ಒಳ್ಳೆಯದು ನಿಮ್ಮನ್ನೊಮ್ಮೆ ನೋಡುತ್ತದೆ, ಮೂಸುತ್ತದೆ, ಆಮೇಲೆ ತನ್ನ ಪಾಡಿಗೆ ನಿಲ್ಲುತ್ತದೆ. ಬೇಡವಾದದ್ದು ಹಿಂದಿನ ಮೂಲೆಗೆ ನುಗ್ಗಿ, ಬೇರೆಯವುಗಳ ಬೆನ್ನಿನ ಮೇಲಿಂದ ತಲೆ ಎತ್ತಿ ನಿಲ್ಲುತ್ತದೆ. ಕಿವಿ ಸೆಟೆದಿರುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಮೂಗಿನಿಂದ ಬುಸ್ ಅನ್ನುತ್ತದೆ. ಅದರ ತೊಡೆ ಎಷ್ಟೇ ಚೆನ್ನಾಗಿರಲಿ, ಮುಂದಿನ ಪೆನ್‌ಗೆ ನಡೆಯಿರಿ.

ಲಿಮೋಸಿನ್‌ಗೆ ಸಿಡುಕಿನ ತಳಿ ಅಂತ ಹಳೆಯ ಹೆಸರೇ ಇದೆ. ಈಗ ಸಾಕುವವರು ಆರಿಸಿ ಆರಿಸಿ ಬಹಳ ಸುಧಾರಿಸಿದ್ದಾರೆ, ಆದರೂ ಚುರುಕು ಚುರುಕೇ. ಸ್ವಭಾವ ರಕ್ತದಲ್ಲೂ ಬರುತ್ತದೆ. ಒಂದು ಹೆದರುಪುಕ್ಕಲು ಹಸು ತಂದರೆ ಅದರ ಕರುವೂ ಹಾಗೇ ಆಗುವ ಸಾಧ್ಯತೆ ಹೆಚ್ಚು, ಅದರ ಜೊತೆ ಓಡಾಡಿ ಉಳಿದವೂ ಕೆಡುತ್ತವೆ. ಒಬ್ಬನೇ ಕತ್ತಲಲ್ಲಿ ಟಾರ್ಚ್ ಹಿಡಿದು ಏಳುನೂರು ಕಿಲೋ ಹಸುವಿನ ಪಕ್ಕ ನಿಲ್ಲಬೇಕಾದವನಿಗೆ ಇದಕ್ಕಿಂತ ದೊಡ್ಡ ಲೆಕ್ಕ ಇಲ್ಲ. ಮಾಂಸದ ಚಿಂತೆ ಬಿಡಿ, ಅದು ಈ ತಳಿಯಲ್ಲಿ ಹೇಗೂ ಬಂದೇ ಬರುತ್ತದೆ.

ಸ್ವಭಾವ ಸರಿ ಅನಿಸಿದ ಮೇಲೆ ಸೊಂಟ ನೋಡುತ್ತೇನೆ. ಹಿಂದಿನಿಂದ ನೋಡಿದರೆ ಬಾಲದ ಎರಡೂ ಬದಿಯ ಮೂಳೆಗಳ ನಡುವೆ ಅಗಲ ಇರಬೇಕು. ತೊಡೆ ಉಬ್ಬಿ ಉಬ್ಬಿ ಕಟ್ಟಿದ ಹಾಗಿರುವ ಕಡಸು ನೋಡೋಕೆ ಚೆಂದ, ತಾಯಿಯಾಗೋಕೆ ಅಲ್ಲ. ನಂತರ ಹಾಲು. ಶುದ್ಧ ಲಿಮೋಸಿನ್ ಹಸುವಿಗೆ ಹಾಲು ಜಾಸ್ತಿ ಇರುವುದಿಲ್ಲ, ಕರುವಿನ ಬೆಳವಣಿಗೆಗೆ ಅದೇ ಪೆಟ್ಟು. ಅದಕ್ಕೆ ನನ್ನ ಹಟ್ಟಿಯ ಬುಡ ಲಿಮೋಸಿನ್ ಮತ್ತು ಹಾಲಿನ ತಳಿ ಫ್ರೀಸಿಯನ್ ಬೆರಕೆ. ತಾಯಿಯ ಕಡೆಯಿಂದ ಹಾಲು, ತಂದೆಯ ಕಡೆಯಿಂದ ಮಾಂಸ. ಬರೀ ಮಿಶ್ರತಳಿ ಅಂತ ಮೂಗು ಮುರಿಯುವವರು ಇಲ್ಲೂ ಇದ್ದಾರೆ, ಮುರಿಯಲಿ ಬಿಡಿ. ಹೊಸಬರು ಎರಡನೇ ಅಥವಾ ಮೂರನೇ ಸೂಲಿನ ಗಬ್ಬದ ಹಸುವನ್ನೇ ತನ್ನಿ. ಚೊಚ್ಚಲು ಕಡಸನ್ನು ಅನುಭವ ಇರುವವರಿಗೆ ಬಿಡಿ. ಮೊದಲ ಸಲ ಈಯುವ ಹಸುವೂ ಮೊದಲ ಸಲ ಈಯಿಸುವ ಮನುಷ್ಯನೂ ಒಂದೇ ಕೊಟ್ಟಿಗೆಯಲ್ಲಿ ಇರಬಾರದು.

ಹೋರಿ ನಾನು ಇಟ್ಟಿಲ್ಲ. ಹತ್ತಾರು ಹಸುಗಳಿಗೆ ಒಂದು ಟನ್ ತೂಗುವ ಹೋರಿಯ ಮೇವು, ಬೇಲಿ, ಅಪಾಯ ಯಾವುದೂ ಗಿಟ್ಟುವುದಿಲ್ಲ. ಎಐ, ಅಂದರೆ ಕೃತಕ ಗರ್ಭಧಾರಣೆ ಮಾಡಿಸುತ್ತೇನೆ. ಬೆಳಗ್ಗೆ, ಸಂಜೆ ಎರಡು ಹೊತ್ತೂ ಬೆದೆ ನೋಡಲೇಬೇಕು, ಅದೇ ಇದರ ಬೆಲೆ. ಎಐಗೆ ಸಿಗುವ ಹೋರಿಗಳ ಪಟ್ಟಿಯಲ್ಲಿ ಎರಡು ಸೂಚ್ಯಂಕ ಇರುತ್ತವೆ. ಹೆಣ್ಣುಕರು ಉಳಿಸಿಕೊಳ್ಳುವುದಾದರೆ ರಿಪ್ಲೇಸ್‌ಮೆಂಟ್, ಎಲ್ಲ ಮಾರುವುದಾದರೆ ಟರ್ಮಿನಲ್. ನಾನು ಅದಕ್ಕೂ ಮೊದಲು ಈಯುವ ಕಷ್ಟದ ಶೇಕಡಾವಾರು ನೋಡುತ್ತೇನೆ, ಪಕ್ಕದಲ್ಲೇ ಆ ಅಂಕಿ ಎಷ್ಟು ನಂಬುವಂಥದ್ದು ಅಂತಲೂ ಕೊಟ್ಟಿರುತ್ತಾರೆ. ಸ್ನಾಯು ಬೆಳೆಯುವುದನ್ನು ಹಿಡಿತದಲ್ಲಿಡುವ ಮಯೋಸ್ಟ್ಯಾಟಿನ್ ಜೀನ್ ಕಡೆಗೂ ಕಣ್ಣು ಹಾಯಿಸಿ. ಲಿಮೋಸಿನ್‌ನಲ್ಲಿ ಸಾಮಾನ್ಯವಾಗಿ ಸಿಗುವ ಎಫ್94ಎಲ್ ರೂಪ ಮಾಂಸ ಹೆಚ್ಚಿಸುತ್ತದೆ, ಈಯಲು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಕ್ಯೂ204ಎಕ್ಸ್ ರೂಪ ಹಾಗಲ್ಲ, ಅದರ ವಿಷಯದಲ್ಲಿ ಜೋಪಾನ.

ಗಬ್ಬದ ದಿನ ಎಣಿಸುವಾಗ ಒಂದು ವಿಷಯ. ಊರಿನ ಕಪ್ಪುಬಿಳುಪು ಹಾಲಿನ ಹಸು ಸುಮಾರು 280 ದಿನಕ್ಕೆ ಈಯುತ್ತದೆ, ಲಿಮೋಸಿನ್ ಹೋರಿಯ ಕರು 288ರ ಸುಮಾರಿಗೆ. ಊರಿನ ಲೆಕ್ಕದಲ್ಲಿ ಕಾದರೆ ಆ ಒಂದು ವಾರ ನಿದ್ದೆಯೇ ಇರುವುದಿಲ್ಲ. ಚಳಿಗಾಲದಲ್ಲಿ ಹಸುಗಳು ಒಳಗೇ ಇರುತ್ತವೆ, ನವೆಂಬರಿನಿಂದ ಹೆಚ್ಚುಕಡಿಮೆ ಮಾರ್ಚ್ ತನಕ, ಸೀಳುನೆಲದ ಸ್ಲ್ಯಾಟ್ ಶೆಡ್ಡಿನಲ್ಲಿ, ಸೈಲೇಜ್ ಅಂದರೆ ಹುದುಗಿಸಿಟ್ಟ ಹುಲ್ಲು ತಿನ್ನುತ್ತಾ. ಆಗ ಕೈ ಬಿಗಿ ಹಿಡಿಯಬೇಕು. ಗಬ್ಬದ ಹಸು ಅಂತ ಪ್ರೀತಿಯಿಂದ ಹಿಂಡಿ ಸುರಿದರೆ ಹಸುವಿನ ಒಳಗೆ ಕೊಬ್ಬು ಕೂತು ದಾರಿ ಕಿರಿದಾಗುತ್ತದೆ.

ಈಯುವ ದಿನ ಹತ್ತಿರ ಬಂದರೆ ಬಾಲದ ಬುಡದ ಎರಡೂ ಕಡೆ ಕೈ ಒತ್ತಿ ನೋಡುತ್ತೇನೆ. ಗಟ್ಟಿಯಾಗಿದ್ದ ನರ ಸಡಿಲಾಗಿ ಕೈ ಒಳಗೆ ಹೋಗುವಂತಾದರೆ ಅವತ್ತು ರಾತ್ರಿಯೋ ಮರುದಿನವೋ. ನೀರು ಒಡೆದ ಮೇಲೆ ಎರಡು ಮುಂಗಾಲು ಬರಬೇಕು, ಗೊರಸಿನ ಅಡಿ ಕೆಳಮುಖ, ಅದರ ಮೇಲೆ ಮೂತಿ. ಗೊರಸಿನ ಅಡಿ ಮೇಲ್ಮುಖವಾಗಿದ್ದರೆ ಅದು ಹಿಂಗಾಲು ಇರಬಹುದು. ಎರಡು ಕಾಲು ಕತ್ತರಿ ಹಾಕಿಕೊಂಡು ಬಂದರೆ ಭುಜ ದೊಡ್ಡದು ಅಂತ ಅರ್ಥ. ಇಂಥ ಹೊತ್ತಲ್ಲಿ ಕರು ಎಳೆಯುವ ಜ್ಯಾಕ್ ಹಾಕಿ ಎಳೆಯುವ ಶೌರ್ಯ ಬೇಡ, ವೆಟ್‌ಗೆ ಫೋನ್ ಮಾಡಿ. ಕರು ಬಿದ್ದ ಕೂಡಲೇ ಹೊಕ್ಕುಳಿಗೆ ಅಯೋಡಿನ್, ಎರಡು ಗಂಟೆಯೊಳಗೆ ಮೂರು ಲೀಟರ್ ಗಿಣ್ಣದ ಹಾಲು. ಲಿಮೋಸಿನ್ ಕರು ಬೇಗ ಎದ್ದು ತಾನೇ ಮೊಲೆ ಹುಡುಕುತ್ತದೆ, ಅದೊಂದು ನೆಮ್ಮದಿ.

ಆದರೆ ಈದ ಹಸು ನಿಮಗೆ ಗೊತ್ತಿರುವ ಹಸು ಅಲ್ಲ. ನಿನ್ನೆ ತನಕ ಕತ್ತು ತುರಿಸಿಕೊಂಡವಳೇ ಇವತ್ತು ತಲೆ ತಗ್ಗಿಸಿ ಬರುತ್ತಾಳೆ. ಪಕ್ಕದ ಹೊಲದ ಹಿರಿಯರೊಬ್ಬರು ನನ್ನ ಶೆಡ್ ನೋಡಿ ಹೇಳಿದ್ದು ಒಂದೇ ಮಾತು, "ಟ್ರ್ಯಾಕ್ಟರ್ ಆಮೇಲೆ ತಗೋ, ಮೊದಲು ಕಾವಿಂಗ್ ಗೇಟ್ ಹಾಕಿಸು." ಹಸುವನ್ನು ಒಂದು ಬದಿಗೆ ಹಿಡಿದು ನಿಲ್ಲಿಸುವ ಆ ಗೇಟ್ ಹಾಕಿಸಿದ್ದೇನೆ. ಕರುವಿಗೆ ಟ್ಯಾಗ್ ಹಾಕುವಾಗಲೂ ಅಷ್ಟೇ, ತಾಯಿ ಗೇಟಿನ ಆಚೆ, ನಾನು ಈಚೆ. ಹುಟ್ಟಿದ 20 ದಿನದೊಳಗೆ ಟ್ಯಾಗ್ ಹಾಕಬೇಕು. ಅದೇ ಟ್ಯಾಗ್ ಕಿವಿಯ ಚೂರೊಂದನ್ನು ಪುಟ್ಟ ಸೀಸೆಯೊಳಗೆ ಕತ್ತರಿಸಿಕೊಳ್ಳುತ್ತದೆ. ಅದನ್ನು ಬಿವಿಡಿ ಅನ್ನುವ ದನದ ರೋಗದ ವೈರಸ್ ಪರೀಕ್ಷೆಗೆ ಕಳಿಸಬೇಕು.

ಏಪ್ರಿಲ್‌ನಲ್ಲಿ ಹೊರಗೆ ಬಿಟ್ಟರೆ ಕಷ್ಟ ಮುಗಿಯಿತು ಅಂದುಕೊಳ್ಳಬೇಡಿ. ಎಳೆ ಹುಲ್ಲಿನಲ್ಲಿ ಮೆಗ್ನೀಸಿಯಂ ಕಡಿಮೆ. ಹಾಲು ಕೊಡುವ ಹಸು ಬೆಳಗ್ಗೆ ಸರಿಯಿದ್ದು ಸಂಜೆಗೆ ಕಾಲು ಝಾಡಿಸುತ್ತಾ ಬಿದ್ದಿರಬಹುದು. ನೆಕ್ಕಲು ಮೆಗ್ನೀಸಿಯಂ ಬಕೆಟ್ ಇಡದೆ ನಾನು ಗೇಟ್ ತೆಗೆಯುವುದೇ ಇಲ್ಲ. ಬೇಸಿಗೆಯಲ್ಲಿ ಕರುಗಳು ಕೆಮ್ಮಿದರೆ ಶ್ವಾಸಕೋಶದ ಹುಳು ಇರಬಹುದು, ತಡಮಾಡಬೇಡಿ.

ವರ್ಷಕ್ಕೊಮ್ಮೆಯಾದರೂ ಟಿಬಿ ಪರೀಕ್ಷೆ ಕಡ್ಡಾಯ. ವೆಟ್ ಕತ್ತಿನಲ್ಲಿ ಮೇಲೊಂದು, ಕೆಳಗೊಂದು ಕಡೆ ಕೂದಲು ಕತ್ತರಿಸಿ, ಚರ್ಮ ಮಡಚಿ ಕ್ಯಾಲಿಪರ್‌ನಿಂದ ಅಳೆದು, ಎರಡು ಚುಚ್ಚುಮದ್ದು ಕೊಡುತ್ತಾರೆ. ಮೂರನೇ ದಿನ ಬಂದು ಮತ್ತೆ ಅಳೆಯುತ್ತಾರೆ. ಕೆಳಗಿನದು ಮೇಲಿನದಕ್ಕಿಂತ ಸಾಕಷ್ಟು ಹೆಚ್ಚು ಊದಿದ್ದರೆ ಹಟ್ಟಿಗೇ ಬೀಗ, ಮಾರುವಂತಿಲ್ಲ. ಎಲ್ಲ ದನವೂ ಎರಡೆರಡು ಸಲ ಕ್ರಶ್‌ಗೆ ಬರಬೇಕು. ಸಾಧು ಹಸುಗಳಿದ್ದರೆ ಕಾಫಿ ಹೊತ್ತಿಗೆ ಕೆಲಸ ಮುಗಿಯುತ್ತದೆ.

ಗಂಡುಕರುಗಳನ್ನು ಶರತ್ಕಾಲದಲ್ಲಿ ವೀನ್ಲಿಂಗ್, ಅಂದರೆ ಹಾಲು ಬಿಡಿಸಿದ ಕರುವಾಗಿಯೇ ಮಾರುತ್ತೇನೆ, ಕೊಬ್ಬಿಸುವ ಜಾಗವೂ ಇಲ್ಲ, ಮೇವೂ ಇಲ್ಲ. ಇಟಲಿಗೆ ಕಳಿಸುವ ವ್ಯಾಪಾರಿಗಳಿಗೆ ಒಳ್ಳೆಯ ಮೈಕಟ್ಟಿನ ಕೆಂಪು ಕರು ಬೇಕು. ಹಾಲು ಬಿಡಿಸುವ ಮೊದಲೇ ಕರುಗಳಿಗೆ ಮಾತ್ರ ಸಿಗುವ ಹಾಗೆ ಹಿಂಡಿ ಅಭ್ಯಾಸ ಮಾಡಿಸಿ, ತಾಯಂದಿರನ್ನು ಒಂದೇ ಸಲ ಎಲ್ಲ ಅಲ್ಲದೆ ಒಂದೆರಡರಂತೆ ಬೇರೆ ಹೊಲಕ್ಕೆ ಸಾಗಿಸಿದರೆ ಕೂಗಾಟವೂ ಕಡಿಮೆ, ನ್ಯುಮೋನಿಯಾದ ಭಯವೂ ಕಡಿಮೆ. ಹೆಣ್ಣುಕರುಗಳಲ್ಲಿ ಉಳಿಸಿಕೊಳ್ಳುವುದು ಕೆಲವನ್ನು ಮಾತ್ರ. ಹದಿನೈದು ತಿಂಗಳಿಗೆ 400 ಕಿಲೋ ಹತ್ತಿರ ಬಂದರೆ ಎಐ, ಎರಡು ವರ್ಷಕ್ಕೆ ಚೊಚ್ಚಲು. ಈ ಸಲ ಎರಡು ಕಡಸುಗಳ ಮೇಲೆ ಕಣ್ಣಿಟ್ಟಿದ್ದೆ. ಒಂದರದ್ದು ಸೊಂಟ ಕಿರಿದು, ಅದು ಅಕ್ಟೋಬರ್ ಮಾರ್ಟ್‌ಗೆ ಹೋಗುತ್ತದೆ. ಇನ್ನೊಂದು ಇರುತ್ತದೆ.