ತೂಕ ನಿಂತೋಯ್ತು ಅಂತ ವಾಕಿಂಗ್ ಬಿಡ್ಬೇಡಿ
ಇಲ್ಲಿ ಸುಮಾರು ಜನ ಎರಡ್ಮೂರು ತಿಂಗಳು ಚೆನ್ನಾಗಿ ಇಳೀತು ಆಮೇಲೆ ಮುಳ್ಳು ಅಲ್ಲಾಡ್ತಾನೇ ಇಲ್ಲ ಅಂತ ಬೇಜಾರ್ ಮಾಡ್ಕೊತಿದೀರ, ನಂದೂ ಅದೇ ಕಥೆ, 84 ಕೆಜಿ ಇದ್ದೋಳು 76ಕ್ಕೆ ಬಂದು ಐದು ವಾರ ಅಲ್ಲೇ ಕೂತ್ಬಿಟ್ಟೆ. ಮೊದಲ ಹದಿನೈದು ದಿನ ಸರ್ರಂತ ಇಳಿಯೋದ್ರಲ್ಲಿ ಜಾಸ್ತಿ ನೀರೇ ಕಣ್ರೀ, ಮೈಯಲ್ಲಿ ಕೂಡಿಟ್ಟಿರೋ ಒಂದು ಗ್ರಾಂ ಗ್ಲೈಕೋಜನ್ (ತಿಂದ ಅನ್ನ, ಸಿಹಿಯ ಸಕ್ಕರೆನ ಮೈ ಹಿಂಗೆ ಕೂಡಿಡೋದು) ಜೊತೆ ಸುಮಾರು 3 ಗ್ರಾಂ ನೀರು ಇರುತ್ತೆ, ಅದು ಖಾಲಿಯಾದ್ರೆ ನೀರೂ ಹೋಗುತ್ತೆ. ಅದಕ್ಕೇ ಮದುವೆ ಮನೇಲಿ ಹೋಳಿಗೆ, ಹಪ್ಪಳ, ಉಪ್ಪಿನಕಾಯಿ ತಿಂದು ಬಂದ್ರೆ ಮಾರನೇ ದಿನ ಒಂದು ಕೆಜಿ ಜಾಸ್ತಿ ತೋರ್ಸುತ್ತೆ, ಅದು ಕೊಬ್ಬಲ್ಲ, ಗಾಬರಿ ಬೀಳ್ಬೇಡಿ. ಮುಟ್ಟಿನ ಹಿಂದಿನ ವಾರನೂ ಸುಮಾರು ಜನಕ್ಕೆ ಹಂಗೇ.

ಇನ್ನೊಂದು, ಇಳಿದ ಮೈಗೆ ಮೊದಲಿನಷ್ಟು ಕ್ಯಾಲೊರಿ ಬೇಕಾಗಲ್ಲ, 84ರಲ್ಲಿ ಸರಿಹೋಗ್ತಿದ್ದ ಊಟ 76ರಲ್ಲಿ ಜಾಸ್ತಿನೇ. ನಾನು ಮುದ್ದೆ ಬಿಡ್ಲಿಲ್ಲ (ಮಂಡ್ಯದೋರಿಗೆ ಮುದ್ದೆ ಬಿಡಿ ಅಂದ್ರೆ ಯಾರು ಕೇಳ್ತಾರೆ), ರಾತ್ರಿದು ಅರ್ಧ ಮಾಡಿ ಉಪ್ಸಾರಿನ ಕಾಳು ಜಾಸ್ತಿ ಹಾಕ್ಕೊಂಡೆ ಅಷ್ಟೆ.

ದಿನಾ ಮಿಷನ್ ಹತ್ಬೇಡಿ, ಹತ್ತಲೇಬೇಕು ಅಂದ್ರೆ ವಾರದ ಸರಾಸರಿ ನೋಡಿ. ನಾನು ಟೈಲರ್ ಟೇಪಲ್ಲಿ ಹೊಕ್ಕಳ ಹತ್ರ ಅಳೆದು ಕ್ಯಾಲೆಂಡರ್ ಹಿಂದೆ ಬರೀತಿದ್ದೆ, ಆ ಐದು ವಾರದಲ್ಲೇ 3 ಸೆಂ.ಮೀ ಕಮ್ಮಿಯಾಗಿತ್ತು. ಚಾಮುಂಡಿ ಬೆಟ್ಟದ ಮೆಟ್ಲಲ್ಲಿ ನಂದಿ ತಲುಪೋಷ್ಟ್ರಲ್ಲಿ ಮೊದ್ಲು ಆರು ಸಲ ಕೂರ್ತಿದ್ದೆ, ಈಗ ಎರಡೇ ಸಲ. ಮಂಡಿ ನೋವಿರೋರು ಹತ್ತಿ, ಇಳಿಯೋಕೆ ಬಸ್ಸು ಹಿಡೀರಿ. ತುಂಬಾ ಸುಸ್ತು, ಕೂದಲು ಉದುರೋದು ಇದ್ರೆ ಡಾಕ್ಟ್ರನ್ನ ಕೇಳಿ ಥೈರಾಯ್ಡ್ ಟೆಸ್ಟ್ ಮಾಡ್ಸಿ.