ಓಟದ ಸಮಯ ದಾಖಲಿಸುವ ತಂತ್ರಾಂಶ: ಫೈಲ್, ಫೋಲ್ಡರ್‌ಗಳನ್ನು ಜೋಡಿಸಿಡುವ ಕ್ರಮ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿರಲಿ, ಬೀದರಿನ ನೆಹರೂ ಕ್ರೀಡಾಂಗಣವಿರಲಿ, ಓಟ ಮುಗಿದ ಸ್ವಲ್ಪ ಹೊತ್ತಿಗೆ ಫಲಿತಾಂಶದ ಮೇಜಿನ ಮುಂದೆ ಒಬ್ಬರಾದರೂ ಬಂದು ನಿಲ್ಲುತ್ತಾರೆ: “ಸರ್, ನನ್ನ ಟೈಮ್ ತಪ್ಪ್ ಬಂದದ, ಜರಾ ನೋಡ್ರಿ.” ಓಟಗಾರರ ಚಿಪ್ ಗುರುತಿಸಿ ಸಮಯ ದಾಖಲಿಸುವ ಯಂತ್ರ, ಅಂದರೆ ಚಿಪ್ ರೀಡರ್, ಬರೆದಿಟ್ಟ ಮೂಲ ಫೈಲ್ ಕೆಡದೆ ಉಳಿದಿದ್ದು, ಕೇಳಿದ ಕೂಡಲೇ ಕೈಗೆ ಸಿಕ್ಕರೆ ಮಾತ್ರ ಆ ಓಟಗಾರನಿಗೆ ಸರಿಯಾದ ಉತ್ತರ ಕೊಡಲು ಸಾಧ್ಯ. ಆದ್ದರಿಂದ ಫೋಲ್ಡರ್‌ಗಳ ಜೋಡಣೆಯನ್ನು ಓಟದ ಹಿಂದಿನ ದಿನವೇ ಮುಗಿಸಿರಬೇಕು.

ಪ್ರತಿ ಓಟಕ್ಕೂ ಒಂದು ಮುಖ್ಯ ಫೋಲ್ಡರ್ ಮಾಡಿ, ವರ್ಷ, ತಿಂಗಳು, ದಿನ, ಊರು, ದೂರ ಎಂಬ ಕ್ರಮದಲ್ಲಿ ಹೆಸರಿಡಿ. ರೂಢಿಯಂತೆ ದಿನವನ್ನು ಮೊದಲು ಬರೆದರೆ ಬೇರೆ ಬೇರೆ ವರ್ಷಗಳ ಓಟಗಳು ಕಲಸಿಹೋಗುತ್ತವೆ. ಕೆಲವು ಹಳೆಯ ತಂತ್ರಾಂಶಗಳಿಗೆ ಕನ್ನಡ ಅಕ್ಷರದ ಫೈಲ್ ಹೆಸರು ಓದಲು ಬಾರದ ಕಾರಣ ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಬಳಸುವುದು ಕ್ಷೇಮ. ಊರಿನ ಕಾಗುಣಿತವೂ ಒಂದೇ ಇರಲಿ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರಿನಲ್ಲಿ. ಹಳೆಯ ಪಟ್ಟಿಗಳಲ್ಲಿ ಎರಡೂ ಹೆಸರುಗಳಿದ್ದರೆ ಜಿಲ್ಲಾವಾರು ಬಹುಮಾನ ತೆಗೆಯುವಾಗ ಕಂಪ್ಯೂಟರ್ ಅವನ್ನು ಎರಡು ಬೇರೆ ಜಿಲ್ಲೆಗಳೆಂದೇ ಎಣಿಸುತ್ತದೆ.

ಒಳಗೆ ನೋಂದಣಿ, ಮೂಲ, ಕೆಲಸ, ಫಲಿತಾಂಶ ಎಂಬ ನಾಲ್ಕು ಫೋಲ್ಡರ್‌ಗಳು ಸಾಕು. ನೋಂದಣಿ ಪಟ್ಟಿಯನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಹೆಸರುಗಳು ತಂತ್ರಾಂಶದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಮೊದಲು ಎಲ್ಲೆಡೆ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಾಯಿಸಿ, ಯುಟಿಎಫ್-8 (ಯೂನಿಕೋಡ್ ಅನ್ನು ಫೈಲಿನಲ್ಲಿ ಬರೆಯುವ ಬಗೆ) ರೂಪದ, ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿಯಾಗಿ ಉಳಿಸಿ. ತಂತ್ರಾಂಶಕ್ಕೆ ಪಟ್ಟಿ ತುಂಬುವಾಗ ಚೆಸ್ಟ್ ನಂಬರಿನ ಅಂಕಣವನ್ನು ಅಕ್ಷರವೆಂದು ಗುರುತಿಸದಿದ್ದರೆ 0047 ಬರೀ 47 ಆಗಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಮೂಲ ಫೋಲ್ಡರಿಗೆ. ಒಮ್ಮೆ ನಾನು ರೀಡರಿನ ಸಿಎಸ್‌ವಿ ಫೈಲನ್ನು ಸುಮ್ಮನೆ ನೋಡಲೆಂದು ಎಕ್ಸೆಲ್‌ನಲ್ಲಿ ತೆರೆದು, ಮುಚ್ಚುವಾಗ ಸೇವ್ ಒತ್ತಿದೆ. 06:42:17.36 ಎಂದಿದ್ದ ಸಾಲು 42:17.4 ಆಗಿತ್ತು. ಎಕ್ಸೆಲ್ ಇಂಥ ಸಮಯವನ್ನು ಗಂಟೆ ಬಿಟ್ಟು ತೋರಿಸುತ್ತದೆ, ಸಿಎಸ್‌ವಿಗೆ ಬರೆಯುವಾಗ ತೋರಿಸಿದ್ದನ್ನಷ್ಟೇ ಬರೆಯುತ್ತದೆ. ಗಂಟೆಯನ್ನು ಊಹೆಯಿಂದ ಮತ್ತೆ ಸೇರಿಸಬಹುದಿತ್ತು, ಸೆಕೆಂಡಿನ ನೂರನೇ ಭಾಗವನ್ನು ಮರಳಿ ಪಡೆಯುವ ದಾರಿಯೇ ಇರಲಿಲ್ಲ. ಅಂದಿನಿಂದ ಮೂಲ ಫೈಲ್ ಬಂದೊಡನೆ ಅದರ ಪ್ರಾಪರ್ಟೀಸ್‌ಗೆ ಹೋಗಿ ರೀಡ್-ಓನ್ಲಿ ಮಾಡುತ್ತೇನೆ, ತಿದ್ದುಪಡಿಯೇನಿದ್ದರೂ ಕೆಲಸದ ಫೋಲ್ಡರಿನಲ್ಲಿರುವ ಪ್ರತಿಯ ಮೇಲೆ ಮಾಡುತ್ತೇನೆ. ಚಿಪ್ ಗುರುತಿಸಲು ನೆಲಕ್ಕೆ ಹಾಸುವ ಆರಂಭದ ಮ್ಯಾಟ್ ಮತ್ತು ಅಂತ್ಯದ ಮ್ಯಾಟ್‌ಗಳ ಫೈಲ್‌ಗಳು ಒಂದರ ಮೇಲೊಂದು ಬೀಳದಂತೆ ಹೆಸರಿನಲ್ಲೇ ಜಾಗವನ್ನು ಸೂಚಿಸಿ.

ಫಲಿತಾಂಶದ ಫೈಲ್‌ಗಳಿಗೆ ‘ಫೈನಲ್’, ‘ಹೊಸ ಫೈನಲ್’ ಎಂದು ಬರೆಯುವ ಬದಲು 0815, 0840 ಎಂದು ಹೊರಡಿಸಿದ ವೇಳೆಯನ್ನೇ ಬರೆಯಿರಿ. ಗೋಡೆಗೆ ಅಂಟಿಸಿದ ಹಾಳೆ ಯಾವುದೆಂದು ಆಗ ಸಂಶಯ ಉಳಿಯುವುದಿಲ್ಲ. ರಸ್ತೆ ಓಟದಲ್ಲಿ ವಿಶ್ವ ಅಥ್ಲೆಟಿಕ್ಸ್ ನಿಯಮದಂತೆ ಸಮಯವನ್ನು ಮುಂದಿನ ಪೂರ್ಣ ಸೆಕೆಂಡಿಗೆ ಏರಿಸಲಾಗುತ್ತದೆ. ಈ ಏರಿಕೆ ಫಲಿತಾಂಶದ ಹಾಳೆಯಲ್ಲಿ ಮಾತ್ರ ಇರಲಿ.

ಕೊನೆಯ ಓಟಗಾರ ಮ್ಯಾಟ್ ದಾಟಿದ ಮೇಲೆ, ರೀಡರನ್ನು ಬಿಚ್ಚುವ ಮೊದಲು, ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿ, ಒಂದನ್ನು ಬೇರೊಬ್ಬರ ಕೈಗೆ ಕೊಡಿ. ಅವರು ತಮ್ಮ ಕಂಪ್ಯೂಟರಿನಲ್ಲಿ ಮೂಲ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಸಾಲುಗಳ ಸಂಖ್ಯೆ ನಿಮ್ಮದಕ್ಕೆ ತಾಳೆಯಾಗಿದೆ ಎಂದು ಹೇಳಿದ ಮೇಲೆಯೇ ರೀಡರಿನ ವೈರ್ ತೆಗೆಯಿರಿ.